ಎಷ್ಟಾಯ್ತು?

ನಮ್ಮ ಬಾಗಲೂರಿನಲ್ಲಿ ಮನೆಗೆ ಹೊಸದಾಗಿ ಏನೇ ಬರಲಿ, ಮೊದಲು ಕೇಳುವ ಮಾತು ಒಂದೇ: ‘ಎಷ್ಟಾಯ್ತು?’ ಚೆನ್ನಾಗಿದೆಯೇ, ಎಲ್ಲಿಂದ ತಂದಿರಿ ಎಂಬುದೆಲ್ಲ ಆಮೇಲಿನ ಮಾತು. ಸಂತೆಯಿಂದ ತಂದ ಹುರುಳಿಕಾಯಿಗೂ ಇದೇ ಪ್ರಶ್ನೆ, ಕೊಂಡ ಸೈಟಿಗೂ ಇದೇ ಪ್ರಶ್ನೆ. ಉತ್ತರ ಹೇಳಿದ ಮೇಲೆ ಒಂದು ಗಳಿಗೆ ಮೌನ. ಆಮೇಲೆ ನಾಲಿಗೆ ಅಂಗುಳಕ್ಕೆ ತಾಗಿ ‘ಚ್ಚ್’ ಎಂದು ಒಂದು ಸದ್ದು. ‘ಜಾಸ್ತಿ ಕೊಟ್ರಿ ಬಿಡಿ. ನನಗೊಂದು ಮಾತು ಹೇಳಿದ್ರೆ ಕಮ್ಮಿಗೆ ಕೊಡಿಸ್ತಿದ್ದೆ.’

ಈ ಊರಿನಲ್ಲೇ ಹುಟ್ಟಿ, ಇಲ್ಲಿಯ ಮಕ್ಕಳಿಗೇ ಪಾಠ ಹೇಳಿ ತಲೆ ನರೆತರೂ ಆ ‘ಚ್ಚ್’ ನನಗೆ ಈಗಲೂ ಚುಚ್ಚುತ್ತದೆ. ತಂದ ವಸ್ತುವಿನ ಸಂತೋಷವನ್ನು ಅದು ಅರ್ಧಕ್ಕೆ ಇಳಿಸಿಬಿಡುತ್ತದೆ. ಹೋದ ಮಾಗಿಯಲ್ಲಿ ಎರಡು ಲಕ್ಷದ ಮೂವತ್ತೇಳು ಸಾವಿರ ಕಿಲೋಮೀಟರ್ ಓಡಿದ ಕಾರೊಂದನ್ನು ಕೊಳ್ಳಬೇಕೆಂದು ಹೊರಟಾಗ ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಸದ್ದೇ.

ಕಾರು 2002ರ ಹೊಂಡಾ ಸಿಟಿ ವೀಟೆಕ್. ಬೆಳ್ಳಿ ಬಣ್ಣ, ಕೆಎ 04 ನಂಬರು. ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಬಾಗಿಲು, ನೆಲಕ್ಕೆ ತಾಗುವ ಮೈ ಎಂದುಕೊಂಡವರಿಗೆ ಇದು ಬರೀ ನಾಲ್ಕು ಬಾಗಿಲಿನ ಸಂಸಾರದ ಕಾರು. ಅಂಥ ಎರಡು ಸೀಟಿನ ಕಾರನ್ನೂ ಬೆಂಗಳೂರಿನ ಸಂಸ್ಥೆಯೊಂದು ಹೊರತಂದಿತ್ತು. ಫೈಬರ್‌ಗ್ಲಾಸ್ ಮೈಯ, ರೆನೋ ಎಂಜಿನ್ನಿನ ಸ್ಯಾನ್ ಸ್ಟಾರ್ಮ್. ಅದನ್ನು ಕೊಂಡವರು ಕೆಲವೇ ಮಂದಿ. ನಮ್ಮಂಥವರ ಕಣ್ಣಿಗೆ ಬಿದ್ದ, ಮನಸ್ಸಿಗೆ ಹತ್ತಿದ ವೇಗದ ಕಾರು ಎಂದರೆ ಸಿಟಿ ವೀಟೆಕ್ಕೇ. 2000ದಲ್ಲಿ ಬಂದು 2003ರಲ್ಲಿ ನಿಂತುಹೋಯಿತು. ಒಂದೂವರೆ ಲೀಟರಿನ ಎಂಜಿನ್, ನೂರ ಆರು ಕುದುರೆ ಬಲ. ಆಗ ನಾನು ಬೈಕಿನಲ್ಲಿ ಯಲಹಂಕದಿಂದ ಬರುತ್ತಿದ್ದಾಗ ಬಳ್ಳಾರಿ ರಸ್ತೆಯಲ್ಲಿ ವಾಯುನೆಲೆಯ ಗೋಡೆಯ ಪಕ್ಕದಲ್ಲಿ ಒಂದು ವೀಟೆಕ್ ನನ್ನನ್ನು ದಾಟಿಹೋಯಿತು. ಹೋಗುವಾಗ ಅದರ ಎಂಜಿನ್ನಿನ ದನಿ ನಡುವೆ ಒಂದು ಕಡೆ ಬದಲಾಯಿತು. ಹಾಡುವವರು ಮಂದ್ರದಿಂದ ಏಕಾಏಕಿ ತಾರಕ್ಕೆ ಹತ್ತಿದ ಹಾಗೆ. ಬೈಕು ನಿಲ್ಲಿಸಿ ಅದು ಮರೆಯಾಗುವವರೆಗೂ ನೋಡಿದೆ.

ಆ ದನಿ ಯಾಕೆ ಹಾಗಾಗುತ್ತದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಚ್ಚಿ ತೋರಿಸಿದಾಗ. ಎಂಜಿನ್ನಿನ ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮಿನಲ್ಲಿ ಎರಡು ಬಗೆಯ ಉಬ್ಬುಗಳಿರುತ್ತವೆ, ಒಂದು ತಗ್ಗು, ಒಂದು ಎತ್ತರ. ನಿಧಾನಕ್ಕೆ ಹೋಗುವಾಗ ತಗ್ಗು ಉಬ್ಬಿನದೇ ಕೆಲಸ. ವೇಗ ಏರಿದಾಗ ಆಯಿಲ್ಲಿನ ಒತ್ತಡ ಒಳಗಿನ ಒಂದು ಚಿಕ್ಕ ಪಿನ್ನನ್ನು ತಳ್ಳುತ್ತದೆ, ಎತ್ತರದ ಉಬ್ಬು ಕೆಲಸ ಹಿಡಿಯುತ್ತದೆ, ವಾಲ್ವು ಹೆಚ್ಚು ಹೊತ್ತು ಬಾಯ್ದೆರೆಯುತ್ತದೆ. ವೀಟೆಕ್ ಎಂದರೆ ಇದೇ; ಹೊಂಡಾದವರು ಇದನ್ನು ಮೊದಲು ಮಾಡಿದ್ದು 1989ರ ಇಂಟೆಗ್ರಾ ಕಾರಿಗೆ. ಎಲ್ಲವೂ ನಡೆಯುವುದು ಆಯಿಲ್ಲಿನಿಂದ. ಆಯಿಲ್ ಕೆಟ್ಟು ಗಸಿಯಾಗಿದ್ದರೆ ಆ ಪಿನ್ನು ಅಲುಗುವುದಿಲ್ಲ, ಆ ದನಿಯೂ ಏಳುವುದಿಲ್ಲ. ಹಾಗಾಗಿ ಇಂಥ ಕಾರಿನ ಬೆಲೆ ಕಟ್ಟುವವರು ಮೊದಲು ಕೇಳಬೇಕಾದದ್ದು ಎಷ್ಟು ಓಡಿದೆ ಎಂದಲ್ಲ, ಎಷ್ಟು ಸಲ ಆಯಿಲ್ ಬದಲಾಗಿದೆ ಎಂದು.

ಇದನ್ನು ನಾನು ಕಲಿತದ್ದು ಸುಮ್ಮನೆ ಅಲ್ಲ. ಈ ಬೆಳ್ಳಿ ಬಣ್ಣದ ಕಾರಿಗೆ ಮೊದಲು ಇನ್ನೊಂದು ವೀಟೆಕ್ ನೋಡಿಬಂದಿದ್ದೆ. ಹೆದ್ದಾರಿ ಪಕ್ಕದ ಒಂದು ಸೆಕೆಂಡ್ ಹ್ಯಾಂಡ್ ಕಾರು ಅಂಗಡಿ. ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು, ಮೀಟರಿನಲ್ಲಿ 48,000. ಇಪ್ಪತ್ತು ವರ್ಷದಲ್ಲಿ ಬರೀ ನಲವತ್ತೆಂಟು ಸಾವಿರ! ಮನಸ್ಸು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟಿತ್ತು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ನನ್ನ ತೋಳು ಮುಟ್ಟಿ, ‘ಮೇಷ್ಟ್ರೇ, ಮೀಟ್ರು ನೋಡ್ಬೇಡಿ, ಪೆಡ್ಲು ನೋಡಿ’ ಎಂದರು. ಬಗ್ಗಿ ನೋಡಿದೆ. ಬ್ರೇಕ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು. ಸ್ಟಿಯರಿಂಗಿನ ಬಲಭಾಗ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಟೈರಿನ ಮೇಲಿನ ನಾಲ್ಕು ಅಂಕಿಯ ಗುರುತನ್ನು ಓದುವುದನ್ನೂ ಅವರೇ ಅಂದು ಕಲಿಸಿದರು: ಮೊದಲೆರಡು ಅಂಕಿ ವಾರ, ಕಡೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದ ಟೈರು. ಕೊನೆಗೆ ಡ್ರೈವರ್ ಬಾಗಿಲು ತೆರೆದು ಕಂಬದ ಒಳಮೈಯ ಧೂಳು ಒರೆಸಿದರು. ಅಲ್ಲಿ ಯಾವುದೋ ಗ್ಯಾರೇಜಿನವರು ಎಂದೋ ಅಂಟಿಸಿದ ಚೀಟಿ ಮಸುಕಾಗಿ ಉಳಿದಿತ್ತು. ಮುಂದಿನ ಆಯಿಲ್ ಬದಲಾವಣೆ, 1,42,000.

ಮರಳಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ನನಗೆ ಸಿಟ್ಟಿಗಿಂತ ದುಃಖವಾಗಿತ್ತು. ಒಂದು ಲಕ್ಷ ಕಿಲೋಮೀಟರ್ ಎಂದರೆ ಯಾರದೋ ಬದುಕಿನ ಎಷ್ಟೋ ಬೆಳಗು, ಎಷ್ಟೋ ಊರು. ಅದನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಿದ್ದರು.

ನನಗೆ ತಾತನ ನೆನಪಾಯಿತು.

ತಾತ ಪ್ರತಿ ವರ್ಷ ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದರು. ಷಷ್ಠಿಯ ರಥಕ್ಕೂ ಮುಂಚೆಯೇ ದೊಡ್ಡಬಳ್ಳಾಪುರದ ಆಚೆಯ ಆ ಬಯಲೆಲ್ಲ ಹಳ್ಳಿಕಾರ್ ಎತ್ತುಗಳಿಂದ ತುಂಬುತ್ತಿತ್ತು. ಬೂದು ಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಚುಚ್ಚಿದ ಕೊಂಬು, ಕೊಂಬಿಗೆ ಹಿತ್ತಾಳೆ ಕಳಸ. ಇವುಗಳ ಕುಲದಿಂದಲೇ ಬಂದ ಅಮೃತ ಮಹಲ್ ತಳಿಯನ್ನು ಮೈಸೂರಿನ ಅರಸರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನೇ ಇಟ್ಟು ಸಾಕಿದರು. ಇಲ್ಲೇ ಹತ್ತಿರದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಅದಕ್ಕೆ ಅಮೃತ ಮಹಲ್ ಎಂಬ ಹೆಸರಿಟ್ಟ. ಫಿರಂಗಿ ಎಳೆದುಕೊಂಡು ಸೈನ್ಯದ ಜೊತೆ ಬಿರಬಿರನೆ ನಡೆಯುತ್ತಿದ್ದ ಎತ್ತುಗಳು ಅವು. ವೇಗಕ್ಕೆಂದೇ ಎತ್ತು ಸಾಕಿದ ನಾಡು ನಮ್ಮದು. ಬಳ್ಳಾರಿ ರಸ್ತೆಯಲ್ಲಿ ನಾನು ಬೈಕು ನಿಲ್ಲಿಸಿ ನೋಡುತ್ತಾ ನಿಂತದ್ದು ನನ್ನ ರಕ್ತಕ್ಕೆ ಹೊಸದೇನೂ ಅಲ್ಲ ಎಂದು ಈಗ ಅನ್ನಿಸುತ್ತದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ತಾತ ನನ್ನನ್ನೂ ಕರೆದುಕೊಂಡು ಹೋದರು. ಮುಂಜಾವಿನ ಇಬ್ಬನಿಯಲ್ಲಿ ಒಂದೊಂದೇ ಜೋಡಿಯ ಮುಂದೆ ನಿಲ್ಲುವರು. ಎತ್ತಿನ ಮೂಗುದಾರ ಹಿಡಿದು ಕೆಳದುಟಿ ಸರಿಸಿ ಹಲ್ಲು ನೋಡುವರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎತ್ತಿನ ವಯಸ್ಸು ಹೇಳುವುದು ನನಗೆ ಅಂದೇ ಬಾಯಿಪಾಠವಾಯಿತು. ಎಂಟೂ ಬಂದು ಬಾಯಿ ಕೂಡಿದ ಮೇಲೆ ಮಾತ್ರ ಹಲ್ಲು ನೋಡಿ ವಯಸ್ಸು ಹೇಳುವುದು ಕಷ್ಟ. ಅಲ್ಲಿಂದಾಚೆಗೆ ಬೇರೆಯದೇ ಓದು. ತಾತ ಹೆಗಲು ತಡವುವರು, ನೊಗ ಕೂತ ಜಾಗ ಗಟ್ಟಿಯಾಗಿದೆಯೋ ಹುಣ್ಣಾಗಿದೆಯೋ ಎಂದು. ಗೊರಸು ನೋಡುವರು, ಸುಳಿ ನೋಡುವರು. ಎತ್ತನ್ನು ಮಲಗಿಸಿ ಎಬ್ಬಿಸುವರು. ಕೊನೆಗೆ ನಡೆಸಿ ನೋಡುವರು, ಹಿಂದಿನ ಕಾಲು ಮುಂದಿನ ಕಾಲಿನ ಹೆಜ್ಜೆಯ ಮೇಲೆ ಬೀಳುತ್ತದೆಯೋ ಇಲ್ಲವೋ ಎಂದು.

ಆ ದಿನ ಎರಡು ಜೋಡಿ ಮನಸ್ಸಿಗೆ ಬಂದಿದ್ದವು. ಒಂದು ನಾಲ್ಕು ಹಲ್ಲಿನ ಎಳೆಯ ಜೋಡಿ, ನೋಡಿದವರೆಲ್ಲ ನಿಂತು ಮತ್ತೆ ನೋಡುವಂಥದು. ಇನ್ನೊಂದು ಬಾಯಿ ಕೂಡಿ ವರ್ಷಗಳಾದದ್ದು. ನಾನು ಎಳೆಯವೇ ಬೇಕೆಂದು ಹಟ ಹಿಡಿದೆ. ತಾತ ದೊಡ್ಡ ಜೋಡಿಯ ಬೆನ್ನು ಸವರುತ್ತಾ, ‘ಇವು ಕೆಲ್ಸ ಕಲ್ತವೆ ಕಣೋ. ಅವು ಇನ್ನು ನಮ್ ಹೊಲದಾಗೆ ಕಲೀಬೇಕು’ ಎಂದರು. ಆಮೇಲೆ ಹೆಗಲ ಟವೆಲ್ಲು ತೆಗೆದು ಮಾರುವವನ ಕೈಮೇಲೆ ಹಾಸಿ ಅದರೊಳಗೆ ಕೈ ತೂರಿಸಿದರು. ವ್ಯಾಪಾರವೆಲ್ಲ ಅದರೊಳಗೆ, ಬೆರಳಿಗೆ ಬೆರಳು ಮಾತಾಡಿಕೊಂಡು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ಹತ್ತು ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯದು. ಮಾರುವವನು ತಲೆ ಅಲ್ಲಾಡಿಸಿದ, ತಾತ ಮತ್ತೆ ಹಿಡಿದರು, ಅವನು ಕಣ್ಣುಮುಚ್ಚಿ ಯೋಚಿಸಿದ. ಕೊನೆಗೆ ಇಬ್ಬರೂ ನಕ್ಕರು. ಎಷ್ಟಕ್ಕೆ ಎಂದು ನಾನು ಕೇಳಿದ್ದಕ್ಕೆ ತಾತ ಹೇಳಲಿಲ್ಲ. ಅಜ್ಜಿಗೂ ಹೇಳಲಿಲ್ಲ. ರಾತ್ರಿಯೆಲ್ಲ ನಡೆದು ಬಾಗಲೂರು ಸೇರುವವರೆಗೂ ಆ ಎತ್ತುಗಳ ಮೇಲೆ ಒಂದು ಸಲವೂ ಬಾರುಕೋಲು ಎತ್ತಲಿಲ್ಲ.

ಆ ಎತ್ತುಗಳು ಉತ್ತ ಹೊಲ ಈಗ ಇಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂತು, ಅದರ ಹಿಂದೆ ಏರೋಸ್ಪೇಸ್ ಪಾರ್ಕು, ಅದರ ಹಿಂದೆ ಲೇಔಟುಗಳು. ಎಕರೆ, ಗುಂಟೆ ಎನ್ನುತ್ತಿದ್ದವರು ಚದರಡಿ ಎನ್ನತೊಡಗಿದರು. ಅಳತೆಯ ಕೋಲೇ ಬದಲಾದ ಮೇಲೆ ಯಾವುದಕ್ಕೆ ಎಷ್ಟು ನ್ಯಾಯ ಎಂದು ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಉಳಿಯಲಿಲ್ಲ. ಎಲ್ಲದಕ್ಕೂ ‘ಚ್ಚ್’ ಎನ್ನುವ ರೂಢಿ ಆಗಿನಿಂದಲೇ ಬಂತೇನೋ ಎಂದು ನನ್ನ ಗುಮಾನಿ.

ಬೆಳ್ಳಿ ಬಣ್ಣದ ವೀಟೆಕ್ಕಿನ ಯಜಮಾನರು ಯಲಹಂಕದಲ್ಲಿದ್ದರು. ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರು. 1984ರಲ್ಲಿ ಶುರುವಾದ ಆ ಕಾರ್ಖಾನೆಯನ್ನು ನಮ್ಮ ಕಡೆಯವರು ಹಳೆಯ ಹೆಸರಿನಿಂದ ‘ವೀಲ್ ಅಂಡ್ ಆಕ್ಸಲ್’ ಎಂದೇ ಈಗಲೂ ಕರೆಯುವುದು. ಎರಕ ಹೊಯ್ದ ಗಾಲಿಯ ಒಳಗೆ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಅಲ್ಟ್ರಾಸೋನಿಕ್ ಯಂತ್ರದಲ್ಲಿ ಪರೀಕ್ಷಿಸುವುದು ಅವರ ಕೆಲಸವಾಗಿತ್ತಂತೆ. ಕಾರು ತೋರಿಸುವ ಮೊದಲು ಕಾಫಿ ಕೊಟ್ಟು, ಒಳಗಿನಿಂದ ಮೂರು ನೋಟುಪುಸ್ತಕ ತಂದು ನನ್ನ ಮುಂದಿಟ್ಟರು.

ಮೊದಲ ದಿನದಿಂದ ಹಾಕಿಸಿದ ಪೆಟ್ರೋಲಿನ ಲೆಕ್ಕವೆಲ್ಲ ಅದರಲ್ಲಿತ್ತು. ದಿನಾಂಕ, ಕಿಲೋಮೀಟರ್, ಎಷ್ಟು ಲೀಟರ್, ಯಾವ ಊರು. ಐದೈದು ಸಾವಿರಕ್ಕೆ ಕೆಂಪು ಶಾಯಿಯಲ್ಲಿ ‘ಆಯಿಲ್’. ಪುಟದ ಅಂಚಿನಲ್ಲಿ ಒಮ್ಮೊಮ್ಮೆ ಒಂದು ಪದ: ‘ತಿರುಪತಿ’. ‘ಮಗಳ ಕಾಲೇಜು’. ‘ಅಮ್ಮ ಆಸ್ಪತ್ರೆ’ ಎಂಬುದು ಒಂದೇ ತಿಂಗಳಲ್ಲಿ ಹನ್ನೊಂದು ಸಲ. ಅದಾದ ಮೇಲೆ ಒಂದು ಸಲ ‘ಶ್ರೀರಂಗಪಟ್ಟಣ’. ಅವರು ಹೇಳದಿದ್ದರೂ ಆ ಪ್ರಯಾಣ ಯಾವುದೆಂದು ತಿಳಿಯಿತು. ಆಮೇಲೆ ಚೆನ್ನೈ, ಚೆನ್ನೈ, ಚೆನ್ನೈ. ಮಗಳನ್ನು ಕೊಟ್ಟ ಊರು. ಎರಡು ಲಕ್ಷದ ಮೂವತ್ತೇಳು ಸಾವಿರ ಎಂಬುದು ಈವರೆಗೆ ನನಗೆ ಬೆಲೆ ಇಳಿಸಲು ಸಿಕ್ಕ ಒಂದು ಅಂಕಿಯಾಗಿತ್ತು. ಆ ಪುಸ್ತಕಗಳನ್ನು ಮುಚ್ಚಿದಾಗ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ.

ಆದರೂ ಕಾರು ಕಾರೇ. ಅಂಗಳದಲ್ಲಿ ಮೆಕ್ಯಾನಿಕ್ ತಮ್ಮ ಕೆಲಸ ಶುರುಮಾಡಿದ್ದರು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಸೈಲೆನ್ಸರ್ ಹಿಂದೆ ಕೂತರು. ಮೊದಲ ಉಸಿರಿಗೆ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ. ಬರಲಿಲ್ಲ. ಆಯಿಲ್ ಮುಚ್ಚಳದ ಒಳಗಡೆ ಗಸಿ ಇರಲಿಲ್ಲ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪಸೆ ಇರಲಿಲ್ಲ. ಮಡ್‌ಗಾರ್ಡಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಬಿದ್ದ ಗುರುತಿಲ್ಲ, ಅಂದರೆ ಮುಂಭಾಗ ಯಾವತ್ತೂ ಪೆಟ್ಟು ತಿಂದು ಟಿಂಕರಿಂಗಿಗೆ ಹೋಗಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಬಿಟ್ಟಾಗ ಎಡಗಡೆಯಿಂದ ‘ಕಟ್ ಕಟ್’ ಸದ್ದು. ಆಕ್ಸಲಿನ ಜಾಯಿಂಟು ಹೋಗಿದೆ. ಟೈರು ನಾಲ್ಕಕ್ಕೂ ಏಳು ವರ್ಷ.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಯಜಮಾನರು ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದರು. ಎಡಕ್ಕೆ ನಾವು ಹೇಳಿದ ಜಾಯಿಂಟು, ಟೈರು ಬರೆದುಕೊಂಡರು. ಅದರ ಕೆಳಗೆ ನಾವು ಕಂಡುಹಿಡಿಯದೇ ಇದ್ದದ್ದನ್ನು ತಾವೇ ಬರೆಯತೊಡಗಿದರು. ಡಿಕ್ಕಿಯ ಮ್ಯಾಟಿನ ಕೆಳಗೆ ಅಂಗೈಯಗಲ ತುಕ್ಕು. ಚಳಿಯಲ್ಲಿ ಎರಡನೇ ಗೇರ್ ಬೀಳುವಾಗ ಕರಕರ. ಟೈಮಿಂಗ್ ಬೆಲ್ಟು ಕೊನೆಗೆ ಹಾಕಿದ್ದು 1,55,000ದಲ್ಲಿ, ಇನ್ನು ಹದಿನೆಂಟು ಸಾವಿರ ಓಡಿದರೆ ಬದಲಿಸಲೇಬೇಕು. ಪೆಟ್ರೋಲಿನ ರಬ್ಬರ್ ಪೈಪುಗಳು ಹಳೆಯವು. 2023ರ ಫೆಬ್ರವರಿಯಲ್ಲಿ ನಮ್ಮದೇ ತುಮಕೂರು ರಸ್ತೆಯ ಮಾದಾವರದಲ್ಲಿ ಚಾಲನೆ ಕೊಟ್ಟ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆಂದು ಮಾಡಿದ ಪೈಪುಗಳಲ್ಲ ಅವು. ಆರ್.ಸಿ.ಯನ್ನು ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ 2022ರ ಮಾರ್ಚಿನಲ್ಲಿ ಇನ್ನೊಮ್ಮೆ ನವೀಕರಿಸಿದ್ದಾಗಿದೆ, ಶುಲ್ಕ 600ರಿಂದ 5,000ಕ್ಕೆ ಏರಿದ್ದು ಅದರ ಮರುತಿಂಗಳು. 2027ಕ್ಕೆ ಮತ್ತೆ ಎಫ್.ಸಿ., ಮತ್ತೆ ಶುಲ್ಕ, ಹಸಿರು ತೆರಿಗೆ. ಇದೆಲ್ಲ ಎಡಕ್ಕೆ. ಬಲಕ್ಕೆ ಬರೆದದ್ದು ಮೂರೇ ಸಾಲು: ಹೊಸ ಕ್ಲಚ್ಚು, ಹೊಸ ರೇಡಿಯೇಟರ್, ಒಬ್ಬರೇ ಮಾಲೀಕರು.

‘ಮೊದ್ಲು ಎರಡೂಕಾಲು ಲಕ್ಷ ಅಂತ ಹೇಳಿದ್ದೆ. ಈಗ ನೀವೇ ಕೂಡಿ ಕಳೀರಿ’ ಎಂದು ಪೆನ್ನು ನನ್ನ ಕೈಗೆ ಕೊಟ್ಟರು.

ಗಾಡಿಯ ಬೆಲೆ ಕಟ್ಟಲು ನಾನು ಹಲವು ಲೆಕ್ಕ ಹಾಕಿಕೊಂಡು ಹೋಗಿದ್ದೆ. ದೆಹಲಿ ಕಡೆ ಪೆಟ್ರೋಲ್ ಕಾರಿಗೆ ಹದಿನೈದು ವರ್ಷ ಮೀರಿದರೆ ಓಡಿಸಲು ಬಿಡದಿದ್ದ ಕಾರಣ ಅಲ್ಲಿಂದ ಹಳೆಯ ಗಾಡಿಗಳು ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಅಲ್ಲಿಯ ಎನ್.ಓ.ಸಿ., ಇಲ್ಲಿಯ ಆಜೀವ ತೆರಿಗೆ, ಸಾಗಾಟ ಎಲ್ಲ ಸೇರಿದರೆ ಆ ಅಗ್ಗ ಅಗ್ಗವಾಗಿ ಉಳಿಯುತ್ತಿರಲಿಲ್ಲ. ಬೇರೆ ಕಡೆ ಇಂಥ ಕಾರಿಗೆ ಏನು ಕೇಳುತ್ತಾರೆ ಎಂದು ನಾಲ್ಕು ಕಡೆ ವಿಚಾರಿಸಿದ್ದೆ, ನಾಲ್ಕೂ ಕಡೆ ನಾಲ್ಕು ರೇಟು. ಹಾಳೆಯ ಎಡಭಾಗದ ಒಂದೊಂದಕ್ಕೂ ಮೆಕ್ಯಾನಿಕ್ ಖರ್ಚು ಹೇಳಿದರು. ಟೈರು ನಾಲ್ಕಕ್ಕೆ ಹದಿನಾರು ಸಾವಿರ, ಬೆಲ್ಟು ವಾಟರ್ ಪಂಪು ಸೇರಿ ಹನ್ನೆರಡು. ನಾನು ಕಳೆಯುತ್ತಾ ಹೋದೆ. ಆದರೆ ಆ ಮೂರು ನೋಟುಪುಸ್ತಕಗಳಿಗೆ ಎಷ್ಟು ಸೇರಿಸಬೇಕು? ಪೆನ್ನು ಅಲ್ಲೇ ನಿಂತಿತು. ಅಷ್ಟರಲ್ಲಿ ಅವರು, ‘ಮೊದ್ಲು ಓಡಿಸ್ಕೊಂಡು ಬನ್ನಿ ಮೇಷ್ಟ್ರೇ’ ಎಂದು ಕೀ ಕೊಟ್ಟರು.

ಭಾನುವಾರದ ಬೆಳಗು. ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋದವರು ಆಗಲೇ ಮರಳುತ್ತಿದ್ದರು, ವಿಮಾನ ನಿಲ್ದಾಣದ ರಸ್ತೆ ನಮ್ಮ ದಿಕ್ಕಿಗೆ ಖಾಲಿಯಿತ್ತು. ಹುಣಸಮಾರನಹಳ್ಳಿ ದಾಟಿದ ಮೇಲೆ ಮೂರನೇ ಗೇರಿನಲ್ಲಿ ಒತ್ತಿದೆ. ಮುಳ್ಳು ನಾಲ್ಕು ಸಾವಿರ ದಾಟಿತು, ಐದು ಸಾವಿರದ ಹತ್ತಿರ ಬಂತು. ಆ ದನಿ ಎದ್ದಿತು. ಬಳ್ಳಾರಿ ರಸ್ತೆಯಲ್ಲಿ ಬೈಕಿನ ಮೇಲೆ ಕೂತು ಕೇಳಿದ್ದ ಅದೇ ದನಿ, ಈಗ ನನ್ನ ಪಾದದ ಕೆಳಗಿನಿಂದ. ಅದರೊಳಗಿನ ಆ ಚಿಕ್ಕ ಪಿನ್ನು ಇಪ್ಪತ್ತು ವರ್ಷ ಕೆಂಪು ಶಾಯಿಯಲ್ಲಿ ಬರೆದಿಟ್ಟ ಆಯಿಲ್ಲಿನಲ್ಲಿ ಈಜುತ್ತಾ ಬಂದದ್ದು. ನನ್ನ ಕಣ್ಣು ತುಂಬಿಬಂದವು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ನೋಡಿಯೂ ನೋಡದವರಂತೆ ಕಿಟಕಿಯ ಕಡೆ ತಿರುಗಿದರು. ಸಾದಹಳ್ಳಿ ಟೋಲಿನ ಮೊದಲೇ ತಿರುಗಿಸಿಕೊಂಡು ಬಂದೆವು.

ಯಜಮಾನರು ಗೇಟಿನ ಹತ್ತಿರವೇ ನಿಂತಿದ್ದರು. ನಾನು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಒಂದು ಅಂಕಿ ಹೇಳಿದೆ. ಅವರು, ‘ನಾನು ಮನಸ್ಸಲ್ಲಿ ಇಟ್ಕೊಂಡಿದ್ದಕ್ಕಿಂತ ಮೂರು ಸಾವಿರ ಜಾಸ್ತಿ ಆಯ್ತು. ಆ ಮೂರರಲ್ಲಿ ಜಾಯಿಂಟು ಹಾಕಿಸ್ಕೊಳ್ಳಿ’ ಎಂದು ಅಷ್ಟನ್ನು ಬಿಟ್ಟುಬಿಟ್ಟರು. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿದರು. ನೋಟುಪುಸ್ತಕಗಳನ್ನು ಕೊಡುವಾಗ ಮಾತ್ರ ಕೈ ಒಂದು ಕ್ಷಣ ತಡೆಯಿತು. ಎರಡನ್ನು ಕೊಟ್ಟರು, ನಡುವಿನದೊಂದನ್ನು ಇಟ್ಟುಕೊಂಡರು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು.

ಸಂಜೆ ಕಾರು ಮನೆ ಮುಂದೆ ನಿಲ್ಲುವಷ್ಟರಲ್ಲಿ ಪಕ್ಕದ ಮನೆಯ ಗೌಡರು ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದವರು, ತಾತನ ಜೊತೆ ಘಾಟಿಗೆ ನಡೆದವರು. ಕಾರಿನ ಸುತ್ತ ಒಂದು ಸುತ್ತು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಇನ್ನೂ ಬಿಸಿಯಿತ್ತು.

‘ಎಷ್ಟಾಯ್ತು ಮೇಷ್ಟ್ರೇ?’

ನಾನು ಅವರ ಹೆಗಲ ಟವೆಲ್ಲನ್ನು ಮೆಲ್ಲಗೆ ಎಳೆದುಕೊಂಡೆ. ಅವರ ಬಲಗೈ ಮೇಲೆ ಹಾಸಿ ನನ್ನ ಕೈಯನ್ನು ಅದರ ಕೆಳಗೆ ತೂರಿಸಿದೆ. ಗೌಡರು ಮೊದಲು ಬೆಚ್ಚಿದರು, ಆಮೇಲೆ ಮುಖ ಅರಳಿತು. ಆ ಒರಟು ಬೆರಳುಗಳನ್ನು ಒಂದೊಂದಾಗಿ ಹಿಡಿದು ಹೇಳಬೇಕಾದ್ದನ್ನು ಹೇಳಿದೆ. ಅವರು ತಲೆ ಬಗ್ಗಿಸಿ, ಕಣ್ಣುಮುಚ್ಚಿ ಬೆರಳಿನಲ್ಲೇ ಕೇಳಿಸಿಕೊಂಡರು. ‘ಚ್ಚ್’ ಬರಲಿಲ್ಲ.

‘ಎಷ್ಟು ಹಲ್ಲು?’

‘ಬಾಯಿ ಕೂಡಿ ಬಾಳ ವರ್ಷ ಆಯ್ತು ಗೌಡ್ರೇ.’

ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಅವರೇ ಮುಂದಿನ ಬಾಗಿಲು ತೆರೆದರು. ಕೋಲನ್ನು ಹಿಂದಿನ ಸೀಟಿಗೆ ಒರಗಿಸಿ, ಎರಡೂ ಕಾಲು ಒಳಗೆಳೆದುಕೊಂಡು ಕೂತು, ‘ಕಟ್ಟಿಗೇನಹಳ್ಳಿ ಗಂಟ ಹೋಗ್ಬರೋಣ, ನಡಿ. ಹೆಜ್ಜೆ ಹೆಂಗೆ ಹಾಕ್ತದೆ ನೋಡಾಣ’ ಎಂದರು.